ಫ್ರಾಕಿನೊಳಗಿನ ಇರುವೆ

ಬೆಳಿಗ್ಗೆ ಎಂಟು ಗಂಟೆಗೆ ಆ ಬೀದಿಯಲ್ಲಿ ಯಾರೂ ಗಡಿಯಾರ ನೋಡುತ್ತಿರಲಿಲ್ಲ. ದರ್ಜಿಯ ಮನೆಯ ಮಹಡಿಯಿಂದ ಮಗುವಿನ ಕಿರುಚಾಟ ಕೇಳಿಸಿತೆಂದರೆ ಎಂಟಾಯಿತು ಎಂದೇ ಅರ್ಥ. ಎದುರಿನ ಔಷಧಿ ಅಂಗಡಿಯವನು ಶಟರ್ ಎತ್ತುತ್ತಾ, "ಶುರುವಾಯ್ತಪ್ಪಾ ಇವತ್ತಿಂದು" ಅನ್ನುತ್ತಿದ್ದ.

ಮಗುವಿಗೆ ನಾಲ್ಕು ವರ್ಷ. ಹುಟ್ಟಿದಾಗ ತೀರಾ ಪುಟ್ಟದಾಗಿದ್ದಳೆಂದು ಅಪ್ಪನೇ ಅವಳನ್ನು ಬಟನ್ ಎಂದು ಕರೆದಿದ್ದ. ಈಗ ಎಲ್ಲರ ಬಾಯಲ್ಲೂ ಅದೇ.

ಕೆಳಗೆ ಹೊಲಿಗೆ ಅಂಗಡಿ, ಮೇಲೆ ಎರಡು ಕೋಣೆಯ ಮನೆ. ದರ್ಜಿಯ ಹೆಂಡತಿಗೆ ಬೇಕರಿಯಲ್ಲಿ ಕೆಲಸ. ಬೆಳಿಗ್ಗೆ ಐದೂವರೆಗೆ ಹೊರಟರೆ ಮಧ್ಯಾಹ್ನ ಎರಡಕ್ಕೆ ಬರುತ್ತಾಳೆ. ಹಾಗಾಗಿ ಬಟನ್‌ಳನ್ನು ಎಬ್ಬಿಸಿ, ಮುಖ ತೊಳೆಸಿ, ಬಟ್ಟೆ ಹಾಕಿ, ಶಿಶುವಿಹಾರಕ್ಕೆ ಬಿಟ್ಟು ಬರುವ ಕೆಲಸ ದರ್ಜಿಯದು ಮತ್ತು ಅವನ ತಾಯಿಯದು. ಎಬ್ಬಿಸುವುದು ಸುಲಭ. ಮುಖ ತೊಳೆಸುವುದೂ ಆಗುತ್ತದೆ. ತೊಂದರೆಯೆಲ್ಲ ಬಟ್ಟೆಯದ್ದೇ.

"ಕೈ ಎತ್ತು."

"ಬೇಡ."

"ಎತ್ತೇ, ಹೊತ್ತಾಯ್ತು."

"ಇರುವೆ ಇದೆ! ಅಪ್ಪಾ, ಇರುವೆ ಕಚ್ತಿದೆ!"

ಮೊದಮೊದಲು ದರ್ಜಿ ಆ ಮಾತನ್ನು ನಂಬಿದ್ದ. ಅಂಗಿಯನ್ನು ಕಿಟಕಿಯ ಹತ್ತಿರ ಒಯ್ದು ಕೊಡವಿದ್ದ. ಅಜ್ಜಿ ಕನ್ನಡಕ ಹಾಕಿಕೊಂಡು ಮೂಲೆ ಮೂಲೆ ಹುಡುಕಿದ್ದರು. ಒಂದು ಇರುವೆಯೂ ಸಿಗಲಿಲ್ಲ. ಮರುದಿನವೂ ಇರುವೆ, ಅದರ ಮರುದಿನವೂ ಇರುವೆ. ಕೊನೆಗೆ ಅಜ್ಜಿ ಕನ್ನಡಕ ತೆಗೆದಿಟ್ಟು, "ಹಟ ಸಾಲದು ಅಂತ ಈಗ ಸುಳ್ಳು ಬೇರೆ ಕಲಿತಿದ್ದಾಳೆ ನಿನ್ನ ಮಗಳು" ಅಂದರು.

ದರ್ಜಿಗೆ ಇದು ಮುಖಕ್ಕೆ ಹೊಡೆದಂತಾಗುತ್ತಿತ್ತು. ಯಾಕೆಂದರೆ ಅವನು ಹೊಲಿಯುವುದೇ ಮಕ್ಕಳ ಬಟ್ಟೆ. ಇಪ್ಪತ್ತು ವರ್ಷದಿಂದ ಅದೇ ಕಸುಬು. ಬೇರೆ ಬಡಾವಣೆಯ ತಾಯಂದಿರು ಹುಡುಕಿಕೊಂಡು ಬರುತ್ತಾರೆ. ಅವರ ಮಕ್ಕಳು ಹೊಸ ಫ್ರಾಕು ತೊಟ್ಟು ಅಂಗಡಿಯ ಕನ್ನಡಿ ಮುಂದೆ ಗಿರಗಿರ ತಿರುಗುತ್ತವೆ. ಅವನ ಸ್ವಂತ ಮಗಳೋ, ಅವನು ಹೊಲಿದ ಯಾವುದನ್ನೂ ಮೈಗೆ ಸೋಕಿಸಲೂ ಬಿಡುವುದಿಲ್ಲ. ಅವಳಿಗೆ ಇಷ್ಟವಾದದ್ದು ಒಂದೇ ಅಂಗಿ. ಅಮ್ಮನ ಹಳೆಯ ಬನಿಯನ್ ಬಟ್ಟೆಯ ಶರ್ಟು, ತೊಳೆದೂ ತೊಳೆದೂ ಬಣ್ಣ ಸತ್ತುಹೋಗಿ ಮೊಣಕಾಲವರೆಗೆ ಜೋತುಬೀಳುವಂಥದು. ಅದನ್ನೂ ಒಳಹೊರಗು ಮಾಡಿ, ಉಲ್ಟಾ ಹಾಕಿಕೊಳ್ಳುತ್ತಿದ್ದಳು. ಕಾಲುಚೀಲವೂ ಉಲ್ಟಾ.

"ಬೇಕಂತಲೇ ಮಾಡ್ತಾಳೆ," ಎಂದು ದರ್ಜಿ ಬಂದ ಗಿರಾಕಿಗಳಿಗೆಲ್ಲ ಹೇಳುತ್ತಿದ್ದ. "ಜಂಬ. ಅಪ್ಪನ ಕೈಯಲ್ಲಿ ಆಗಿದ್ದು ಅಂದ್ರೆ ಅಸಡ್ಡೆ. ಹಟಮಾರಿ ಅಂದ್ರೆ ಇಂಥ ಹಟಮಾರಿನ ನೀವು ನೋಡಿರಲಿಕ್ಕಿಲ್ಲ."

ಈ ಮಾತು ಹೇಳುವಾಗ ಬಟನ್ ಅಲ್ಲೇ, ಕತ್ತರಿಸುವ ಮೇಜಿನ ಕೆಳಗೆ, ಚಿಂದಿ ಬಟ್ಟೆಗಳ ಜೊತೆ ಆಡಿಕೊಂಡಿರುತ್ತಿದ್ದಳು. ಅವಳಿಗೂ ಕೇಳಿಸುತ್ತಿತ್ತು. ಒಮ್ಮೆ ಗಿರಾಕಿಯೊಬ್ಬರು ಬಗ್ಗಿ, "ನಿನ್ನ ಹೆಸರೇನು ಪುಟ್ಟಾ?" ಎಂದು ಕೇಳಿದರು. "ಹಟಮಾರಿ" ಅಂದಳು ಬಟನ್. ಎಲ್ಲರೂ ನಕ್ಕರು. ದರ್ಜಿಯೂ ನಕ್ಕ.

ಅಷ್ಟರಲ್ಲಿ ಶಿಶುವಿಹಾರದ ಫೋಟೋ ದಿನ ಬಂತು. ಎಲ್ಲ ಮಕ್ಕಳನ್ನೂ ಸಾಲಾಗಿ ನಿಲ್ಲಿಸಿ ವರ್ಷಕ್ಕೊಂದು ಫೋಟೋ ತೆಗೆಯುತ್ತಾರೆ. ಈ ಸಲವಾದರೂ ಮಗಳು ತನ್ನ ಕೈಕೆಲಸ ತೊಟ್ಟು ನಿಲ್ಲಬೇಕು ಎಂದು ದರ್ಜಿಗೆ ಆಸೆ. ಮೂರು ಮಧ್ಯಾಹ್ನ ಊಟ ಬಿಟ್ಟು ಕೂತು ಹೊಲಿದ. ಆಕಾಶನೀಲಿ ಬಣ್ಣ, ಕೆಳಗೆ ಮೂರು ಪದರ ನೆಟ್ ಬಟ್ಟೆ, ಗಂಜಿ ಹಾಕಿ ಉಬ್ಬಿಸಿದ ತೋಳು, ಕುತ್ತಿಗೆಯ ಸುತ್ತ ಲೇಸು. ಹಿಂದುಗಡೆ ಅಂಗಡಿಯ ಹೆಸರಿನ ಲೇಬಲ್ಲು. ಹ್ಯಾಂಗರಿಗೆ ಹಾಕಿ ತೂಗುಬಿಟ್ಟರೆ ದಾರಿಹೋಕರು ನಿಂತು ನೋಡುವ ಹಾಗಿತ್ತು.

ಫೋಟೋ ದಿನ ಬೆಳಿಗ್ಗೆ ಅದನ್ನು ತಲೆಯ ಮೇಲಿಂದ ಇಳಿಸಿದ್ದೇ ತಡ, ಬಟನ್ ಎಂದಿಗಿಂತ ಜೋರಾಗಿ ಕಿರುಚಿದಳು. "ಇರುವೆ! ಇರುವೆ!" ಎಂದು ಎರಡೂ ಕೈಯಿಂದ ಕುತ್ತಿಗೆ ಕೆರೆದುಕೊಂಡಳು. ಲೇಸು ಹಿಡಿದು ಎಳೆದಳು. ಪರ್ ಎಂದು ಹರಿಯಿತು.

ದರ್ಜಿಯ ಕೈ ಎದ್ದದ್ದು ಅವನಿಗೇ ಗೊತ್ತಾಗಲಿಲ್ಲ. ಬೆನ್ನ ಮೇಲೆ ಏಟು ಬಿತ್ತು.

ಮಗು ಥಟ್ಟನೆ ಸುಮ್ಮನಾಯಿತು. ಉಸಿರು ಎಳೆದುಕೊಂಡದ್ದು ಬಿಡಲೇ ಇಲ್ಲ ಅನ್ನುವ ಹಾಗೆ ನಿಂತಿತು. ದರ್ಜಿ ಹರಿದ ಲೇಸಿಗೆ ಎರಡು ಹೊಲಿಗೆ ಹಾಕಿದ. ಅವಳು ಅಲುಗಾಡದೆ ಹಾಕಿಸಿಕೊಂಡಳು.

"ನೋಡಿದ್ಯಾ?" ಅಂದರು ಅಜ್ಜಿ. "ಒಂದೇ ಏಟು. ನಮ್ಮ ಕಾಲದಲ್ಲಿ ಹೀಗೇ ಮಕ್ಕಳು ದಾರಿಗೆ ಬರ್ತಾ ಇದ್ದದ್ದು."

ದರ್ಜಿ ಮಗಳ ಚಪ್ಪಲಿ ತಂದಿಟ್ಟ. ಕೈ ಇನ್ನೂ ಚುರುಗುಟ್ಟುತ್ತಿತ್ತು.

ಅವತ್ತು ಮಧ್ಯಾಹ್ನ ಬಟನ್ ಅಂಗಡಿಗೆ ಬಂದು ಎಂದಿನಂತೆ ಮೇಜಿನ ಪಕ್ಕ ನಿಂತಳು. ಅವಳ ತಲೆಯ ಮೇಲುಗಡೆ ಗೋಡೆಯಲ್ಲಿ ದಾರದ ಉಂಡೆಗಳ ಹಲಗೆ. ದರ್ಜಿ ಬಿಳಿ ದಾರ ತೆಗೆದುಕೊಳ್ಳಲು ಕೈ ಎತ್ತಿದ. ಬಟನ್ ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಕುಕ್ಕರಿಸಿದಳು.

ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು. ಅವರು ಬೇರೆ ಕಡೆ ನೋಡಿದರು. ದರ್ಜಿಯ ಕೈ ಗಾಳಿಯಲ್ಲೇ ನಿಂತಿತು. "ದಾರ ಕಂದಾ, ದಾರ ತಗೊಳ್ತಿದ್ದೆ" ಎಂದ. ಅವನ ದನಿ ಅವನಿಗೇ ಬೇರೆಯವರದ್ದು ಅನ್ನಿಸಿತು.

ಮರುದಿನದಿಂದ ಬೆಳಗಿನ ಕಿರುಚಾಟ ನಿಂತಿತು. ಔಷಧಿ ಅಂಗಡಿಯವನು, "ಏನಣ್ಣಾ, ಮಂತ್ರ ಹಾಕಿದ್ಯಾ?" ಎಂದು ಕೇಳಿದ. ಆದರೆ ಕಿರುಚಾಟದ ಜೊತೆ ಬೇರೆಯದೂ ನಿಂತುಹೋಗಿತ್ತು. ಬಟನ್ ಮೇಜಿನ ಕೆಳಗೆ ಆಡುವುದನ್ನು ಬಿಟ್ಟಳು. ಅಪ್ಪ ಕರೆದರೆ ಬರುತ್ತಿದ್ದಳು, ಎರಡು ಹೆಜ್ಜೆ ದೂರದಲ್ಲೇ ನಿಲ್ಲುತ್ತಿದ್ದಳು. ಮಾತು ಅಮ್ಮನ ಹತ್ತಿರ ಮಾತ್ರ, ಅದೂ ಕಿವಿಯಲ್ಲಿ.

"ರೀ, ಮಗು ಮಂಕಾಗಿದೆ," ಅಂದಳು ಹೆಂಡತಿ. ಬೇಕರಿಯಿಂದ ಬಂದವಳು ಕೂದಲಿಗೆ ಅಂಟಿದ ಹಿಟ್ಟನ್ನೂ ಒರೆಸಿಕೊಂಡಿರಲಿಲ್ಲ.

"ಈಗ ಸರಿಹೋಗಿದ್ದಾಳೆ. ನೀನೇ ಮುದ್ದು ಮಾಡಿ ಮಾಡಿ ಕೆಡಿಸಿದ್ದು."

ಹೆಂಡತಿಯ ಮುಖ ಸಣ್ಣದಾಯಿತು. ಈ ಮಾತನ್ನು ಅತ್ತೆಯ ಬಾಯಲ್ಲಿ ಅವಳು ಎಷ್ಟೋ ಸಲ ಕೇಳಿದ್ದಳು. ಗಂಡನ ಬಾಯಲ್ಲಿ ಇದೇ ಮೊದಲು. ಮರುದಿನ ಬೇಕರಿಗೆ ಹೋಗುವ ದಾರಿಯುದ್ದಕ್ಕೂ ಅವಳು ಅದನ್ನೇ ಯೋಚಿಸುತ್ತಿದ್ದಳಂತೆ: ಹೌದೇನೋ, ನಾನೇ ಕೆಡಿಸಿದೆನೇನೋ.

ಐದಾರು ದಿನ ಕಳೆದ ಮೇಲೆ ಶಿಶುವಿಹಾರದ ಟೀಚರ್ ಅಂಗಡಿಗೆ ಬಂದರು. ವಯಸ್ಸಾದವರು, ದೊಡ್ಡ ನಗು, ದೊಡ್ಡ ಚೀಲ. ಚೀಲದ ಜಿಪ್ಪು ಕಿತ್ತುಹೋಗಿತ್ತು.

"ಟೈಲರ್ರೇ, ಇದಕ್ಕೊಂದು ಗತಿ ಕಾಣಿಸಿ. ಹಾಗೇ ಇದನ್ನೂ ನೋಡಿ" ಎಂದು ಫೋಟೋ ಮುಂದಿಟ್ಟರು.

ಇಪ್ಪತ್ತು ಮಕ್ಕಳು. ಕೆಲವು ನಗುತ್ತಿದ್ದವು, ಒಂದು ಮೂಗಿನಲ್ಲಿ ಬೆರಳಿಟ್ಟಿತ್ತು. ಎರಡನೇ ಸಾಲಿನ ತುದಿಯಲ್ಲಿ ಆಕಾಶನೀಲಿ ಫ್ರಾಕು. ಅದರೊಳಗೆ ಬಟನ್. ಎರಡೂ ತೋಳನ್ನು ಮೈಯಿಂದ ದೂರ ಹಿಡಿದು, ಕುತ್ತಿಗೆಯನ್ನು ಉದ್ದ ಮಾಡಿ ನಿಂತಿದ್ದಾಳೆ.

"ನೋಡಿ, ನೋಡಿ!" ಎಂದ ದರ್ಜಿ. "ಅಲ್ಲೂ ಜಂಬ. ಹೇಗೆ ನಿಂತಿದ್ದಾಳೆ ನೋಡಿ!"

ಟೀಚರ್ ನಗಲಿಲ್ಲ. "ನಿಮಗೆ ಇದರಲ್ಲಿ ಜಂಬ ಕಾಣುತ್ತಾ?"

"ಮತ್ತೇನು ಮೇಡಂ?"

"ಅವತ್ತು ಫೋಟೋ ಆದ ಮೇಲೆ ನಾನು ಫ್ರಾಕು ಬಿಚ್ಚಿದಾಗ ಅವಳ ಕುತ್ತಿಗೆ, ಕಂಕುಳು ಕೆಂಪಗೆ ಬರೆ ಎಳೆದ ಹಾಗಾಗಿತ್ತು. ಪಾಪ, ಬಾಯಿಬಿಟ್ಟು ಒಂದು ಮಾತು ಹೇಳಲಿಲ್ಲ. ಅದಕ್ಕೇ ಬಂದೆ. ಜಿಪ್ಪು ಒಂದು ನೆಪ." ಅವರು ಸ್ಟೂಲ್ ಎಳೆದು ಕೂತರು. "ನಿಮ್ಮ ಮಗಳು ಎಂಥವಳು, ಹೇಳಿ ನೋಡೋಣ."

"ಹಟಮಾರಿ. ಜಂಬಗಾತಿ. ಅಳುಬುರುಕಿ. ಈಗ ಸುಳ್ಳೂ ಸೇರಿಕೊಂಡಿದೆ."

"ಯಾವಾಗ ಹಟ ಮಾಡ್ತಾಳೆ?"

"ಬೆಳಿಗ್ಗೆ, ಬಟ್ಟೆ ಹಾಕುವಾಗ. ಈ ವಾರ ಮಾತ್ರ ನಿಂತಿದೆ."

"ಎಷ್ಟು ಹೊತ್ತು?"

"ಅರ್ಧ ಗಂಟೆ ಆಗ್ತಿತ್ತು."

"ಉಳಿದ ಇಪ್ಪತ್ಮೂರೂವರೆ ಗಂಟೆ?"

ಉಳಿದ ಹೊತ್ತಿನಲ್ಲಿ ದರ್ಜಿ ಮಿಷನ್ ಮುಂದೆ ಇರುತ್ತಾನೆ. ಮಗಳು ಏನು ಮಾಡುತ್ತಾಳೋ ಅವನಿಗೆ ಸರಿಯಾಗಿ ಗೊತ್ತೇ ಇಲ್ಲ.

"ನಾನು ಹೇಳ್ತೀನಿ ಕೇಳಿ," ಅಂದರು ಟೀಚರ್. "ನಮ್ಮಲ್ಲಿ ಮಳೆ ಬರೋದು ಮೊದಲು ಗೊತ್ತಾಗೋದೇ ನಿಮ್ಮ ಮಗಳಿಗೆ. ದೂರದಲ್ಲಿ ಗುಡುಗಿದ್ದು ಯಾರಿಗೂ ಕೇಳಿಸಿರಲ್ಲ, ಇವಳು ಕಿವಿ ಮುಚ್ಕೊಂಡಿರ್ತಾಳೆ. ಕೈತೊಳೆಯೋ ಸೋಪು ಬದಲಾಯಿಸಿದ್ರೆ ವಾಸನೆ ಹಿಡೀತಾಳೆ. ಯಾವ ಮಗು ಇನ್ನೇನು ಅಳುತ್ತೆ ಅನ್ನೋದು ನನಗಿಂತ ಮೊದಲು ಇವಳಿಗೆ ಗೊತ್ತು. ಓಡಿಹೋಗಿ ಪಕ್ಕದಲ್ಲಿ ಕೂತ್ಕೊಳ್ತಾಳೆ. ಇಷ್ಟು ವರ್ಷದಲ್ಲಿ ಇಂಥ ಸೂಕ್ಷ್ಮದ ಮಗೂನ ನಾನು ನೋಡಿದ್ದು ಬೆರಳೆಣಿಕೆ."

"ಮೇಡಂ, ನೀವು ಯಾರ ಮಗಳ ಬಗ್ಗೆ ಹೇಳ್ತಿದ್ದೀರಿ?"

"ನಿಮ್ಮ ಮಗಳ ಬಗ್ಗೆನೇ ಸ್ವಾಮಿ!" ಟೀಚರ್ ಈಗ ನಕ್ಕರು. "ಕೆಲವು ಮಕ್ಕಳು ಹುಟ್ಟೋದೇ ಹೀಗೆ. ಅವರ ಮೈಗೆ, ಕಿವಿಗೆ, ಮೂಗಿಗೆ ಎಲ್ಲವೂ ಜಾಸ್ತಿ ತಾಗುತ್ತೆ. ನಮಗೆ ಹೂವಿನ ಹಾಗಿರೋ ಬಟ್ಟೆ ಅವರಿಗೆ ಮುಳ್ಳು. ಅದನ್ನ ಬಾಯಲ್ಲಿ ಹೇಳೋಕೆ ನಾಲ್ಕು ವರ್ಷದ ಮಗೂಗೆ ಮಾತು ಸಾಲಲ್ಲ. ಅಳುತ್ತೆ. ನಾವು ಹಟ ಅಂತೀವಿ."

ಮಹಡಿ ಮೆಟ್ಟಿಲಿನ ಮೇಲೆ ಕೂತಿದ್ದ ಅಜ್ಜಿಗೆ ತಡೆಯಲಾಗಲಿಲ್ಲ. "ಏನಮ್ಮಾ ನೀವು ಹೇಳೋದು! ನಾವೂ ಮಕ್ಕಳನ್ನ ಸಾಕಿಲ್ವೇ? ಕೊಟ್ಟದ್ದನ್ನ ಹಾಕ್ಕೊಳ್ತಾ ಇದ್ವು. ಮಗು ಅತ್ತಾಗಲೆಲ್ಲ ಕುಣಿದ್ರೆ ನಾಳೆ ತಲೆ ಮೇಲೆ ಕೂರುತ್ತೆ."

"ಅತ್ತಾಗಲೆಲ್ಲ ಕುಣೀರಿ ಅಂತ ನಾನು ಹೇಳಲ್ಲಮ್ಮ. ಮಿಠಾಯಿಗೆ ಅತ್ರೆ ಕೊಡಬೇಡಿ. ಆದ್ರೆ ನೋವಿಗೆ ಅಳ್ತಿದೆಯಾ, ಮಿಠಾಯಿಗೆ ಅಳ್ತಿದೆಯಾ ಅಂತ ಮೊದಲು ನೋಡಬೇಕಲ್ವಾ?" ಟೀಚರ್ ದನಿ ತಗ್ಗಿಸಿದರು. "ನಾನೂ ಒಂದು ಸಲ ಎಡವಿದ್ದೀನಿ. ಒಂದು ಮಗೂನ ಇಡೀ ವರ್ಷ ಸೋಮಾರಿ, ಸೋಮಾರಿ ಅಂತ ಬೈದೆ. ಆಮೇಲೆ ಗೊತ್ತಾಯ್ತು, ಅದಕ್ಕೆ ಬೋರ್ಡೇ ಕಾಣ್ತಿರಲಿಲ್ಲ. ಕನ್ನಡಕ ಹಾಕಿದ ಮೇಲೆ ಓಡಾಡಿದ್ದೇ ಓಡಾಡಿದ್ದು. ಅವತ್ತಿಂದ ಯಾವ ಮಗೂಗೂ ಅವಸರದಲ್ಲಿ ಹೆಸರಿಡಲ್ಲ."

ದರ್ಜಿ ಜಿಪ್ಪನ್ನು ಕೈಯಲ್ಲಿ ತಿರುಗಿಸುತ್ತಾ ಕೂತಿದ್ದ. "ನಾನೀಗ ಏನು ಮಾಡಲಿ ಮೇಡಂ?"

"ಅಳತೆ ತಗೊಳ್ಳದೆ ಯಾರ ಬಟ್ಟೆಯನ್ನಾದ್ರೂ ಕತ್ತರಿಸ್ತೀರಾ?"

"ಇಲ್ಲ."

"ಮಗಳನ್ನ ಒಂದು ವಾರ ಸುಮ್ನೆ ನೋಡಿ. ಯಾವಾಗ ಮುಖ ಸಪ್ಪಗಾಗುತ್ತೆ, ಯಾವಾಗ ಭುಜ ಮೇಲಕ್ಕೆಳ್ಕೊಳ್ತಾಳೆ, ಅದಕ್ಕೆ ಸ್ವಲ್ಪ ಮುಂಚೆ ಏನಾಯ್ತು, ಬರೆದಿಡಿ. ಯಾವಾಗ ಖುಷಿಯಾಗಿದ್ಲು ಅನ್ನೋದನ್ನೂ ಬರೀರಿ. ಆ ಒಂದು ವಾರ ಹಟಮಾರಿ ಅನ್ನೋ ಮಾತು ಈ ಅಂಗಡೀಲಿ ಕೇಳಬಾರದು. ಮತ್ತೆ..." ಅವರು ಎದ್ದರು. "ಕೈ ಮಾಡಬೇಡಿ. ಹೊಡೆದ್ರೆ ಮಗು ಅಳೋದು ನಿಲ್ಲುತ್ತೆ, ನಿಜ. ಹೇಳೋದೂ ನಿಲ್ಲುತ್ತೆ."

ದರ್ಜಿ ತಲೆ ಎತ್ತಲಿಲ್ಲ. ತಾನು ಹೊಡೆದದ್ದನ್ನು ಅವನು ಟೀಚರಿಗೆ ಹೇಳಿಯೇ ಇರಲಿಲ್ಲ.

ಮರುದಿನದಿಂದ ಅವನು ಅಳತೆ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆಯತೊಡಗಿದ. ಬರಹ ದರ್ಜಿಯದು, ಚುಟುಕು. "ಅಂಚು ಹೊಲಿಯೋ ದೊಡ್ಡ ಮಿಷನ್ ಹಾಕಿದೆ, ಕಿವಿ ಮುಚ್ಚಿದಳು." "ಹೊಸ ಪಾಯಿಜಾಮ, ಭುಜ ಮೇಲೆ." "ಅದೇ ಥರದ ಹಳೇ ಪಾಯಿಜಾಮ, ಏನೂ ಇಲ್ಲ." "ತಲೆ ಬಾಚುವಾಗ ಕಣ್ಣಲ್ಲಿ ನೀರು, ಸದ್ದಿಲ್ಲ." "ಮೆತ್ತನೆ ಚಿಂದಿ ಕೆನ್ನೆಗೆ ಒತ್ತಿಕೊಂಡು ಹಾಡಿಕೊಂಡಳು." "ಅಮ್ಮನಿಗೆ ಕಾಲು ನೋವು ಅಂತ ಯಾರೂ ಹೇಳದೆ ದಿಂಬು ತಂದುಕೊಟ್ಟಳು."

ನಾಲ್ಕನೇ ದಿನ ಮಧ್ಯಾಹ್ನ ಅಂಗಡಿ ಖಾಲಿ ಇತ್ತು. ದರ್ಜಿ ಬರೆದದ್ದನ್ನೆಲ್ಲ ಓದಿ, ಆ ಆಕಾಶನೀಲಿ ಫ್ರಾಕನ್ನು ತೆಗೆದು ಒಳಹೊರಗು ಮಾಡಿ ಮೇಜಿನ ಮೇಲೆ ಹರಡಿದ. ಇಪ್ಪತ್ತು ವರ್ಷ ಬಟ್ಟೆಯ ಹೊರಮೈಯನ್ನೇ ನೋಡಿದವನು ಒಳಮೈಯನ್ನು ಮಣಿಕಟ್ಟಿನಿಂದ ಸವರಿ ನೋಡಿದ. ನೆಟ್ ಬಟ್ಟೆಯ ಕತ್ತರಿಸಿದ ಅಂಚು ಚುಚ್ಚಿತು. ನೈಲಾನ್ ದಾರದ ತುದಿಗಳು ಚುಚ್ಚಿದವು. ಲೇಬಲ್ಲಿನ ಮೂಲೆ ಉಗುರಿನ ಹಾಗೆ ಗೀರಿತು. ಇಷ್ಟು ಸಾಲದೆಂದು ಫ್ರಾಕಿನ ಒಳಭಾಗ ತನ್ನ ಚರ್ಮಕ್ಕೆ ತಾಗುವಂತೆ ಕುತ್ತಿಗೆಗೆ ಸುತ್ತಿಕೊಂಡು, ಮೇಲೆ ಅಂಗಿಯ ಗುಂಡಿ ಹಾಕಿಕೊಂಡು ಮಿಷನ್ ತುಳಿಯಲು ಕೂತ.

ಅದೇ ಹೊತ್ತಿಗೆ ಔಷಧಿ ಅಂಗಡಿಯವನು ಪ್ಯಾಂಟು ಗಿಡ್ಡ ಮಾಡಿಸಲು ಬಂದ. "ಏನಣ್ಣಾ, ಕುತ್ತಿಗೆಗೆ ಏನೋ ಸುತ್ಕೊಂಡಿದ್ದೀಯ, ನೆಗಡಿನಾ?"

"ಅಲ್ಲಪ್ಪಾ, ಫ್ರಾಕು."

"ಫ್ರಾಕಾ?"

"ಮಗಳದ್ದು. ಹಾಕ್ಕೊಂಡ್ರೆ ಹೇಗಿರುತ್ತೆ ಅಂತ ನೋಡ್ತಿದ್ದೀನಿ."

ಔಷಧಿ ಅಂಗಡಿಯವನು ಪ್ಯಾಂಟನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, "ಜ್ವರ ಗಿರ ಇದ್ರೆ ಹೇಳಣ್ಣಾ, ಮಾತ್ರೆ ಕಳಿಸ್ತೀನಿ" ಎಂದು ಹೊರಟೇಹೋದ.

ಕಾಲು ಗಂಟೆ ಆಗುವುದರೊಳಗೆ ದರ್ಜಿಗೆ ಕೂರಲಾಗಲಿಲ್ಲ. ಬೆವರಿಗೆ ನೆಟ್ ಬಟ್ಟೆ ಇನ್ನಷ್ಟು ಕಚ್ಚಿತು. ಕಿತ್ತು ಬಿಸಾಕಿ ಕನ್ನಡಿ ನೋಡಿಕೊಂಡರೆ ಕುತ್ತಿಗೆ ಸುತ್ತ ಕೆಂಪು ಕೆಂಪು ಚುಕ್ಕೆ. ಸಾಲಾಗಿ ಇರುವೆ ಕಚ್ಚಿಕೊಂಡು ಹೋದ ಹಾಗೆ.

ಅವನು ಹಾಗೇ ಮೆಟ್ಟಿಲ ಮೇಲೆ ಕೂತುಬಿಟ್ಟ.

ಸಂಜೆ ಅವನು ಮಗಳನ್ನು ಕರೆದ. ಅವಳು ಎರಡು ಹೆಜ್ಜೆ ದೂರ ನಿಂತಳು. ಅವನೇ ನೆಲದ ಮೇಲೆ ಕೂತ, ಅವಳಿಗಿಂತ ಕೆಳಗಾಗುವ ಹಾಗೆ. ಫ್ರಾಕನ್ನು ನಡುವೆ ಇಟ್ಟ.

"ಬಟನ್, ಇರುವೆ ಎಲ್ಲೆಲ್ಲಿದೆ, ನಂಗೆ ತೋರಿಸ್ತೀಯಾ?"

ಅವಳು ಅವನ ಕೈಯನ್ನೇ ನೋಡುತ್ತಿದ್ದಳು. ಅವನು ಎರಡೂ ಕೈಯನ್ನು ತೊಡೆಯ ಕೆಳಗೆ ಸೇರಿಸಿಕೊಂಡ. ತುಂಬಾ ಹೊತ್ತಾದ ಮೇಲೆ ಒಂದು ಬೆರಳು ಮುಂದೆ ಬಂತು. ಲೇಬಲ್ಲಿನ ಮೂಲೆ ಮುಟ್ಟಿತು. "ಇಲ್ಲೊಂದು." ಕಂಕುಳ ಹೊಲಿಗೆ ಮುಟ್ಟಿತು. "ಇಲ್ಲಿ ತುಂಬಾ." ಸೊಂಟದ ನೆಟ್ ಬಟ್ಟೆ ಮುಟ್ಟಿತು. "ಇಲ್ಲಿ ಅಮ್ಮ ಇರುವೆ, ಮರಿ ಇರುವೆ, ಎಲ್ಲ." ಅವಳು ತೋರಿಸಿದ ಒಂದೊಂದು ಜಾಗವೂ ಅವನಿಗೆ ಚುಚ್ಚಿದ ಜಾಗವೇ.

"ನೀನು ಸುಳ್ಳು ಹೇಳಿರಲಿಲ್ಲ ಕಂದಾ," ಎಂದ ದರ್ಜಿ. "ಇರುವೆ ಇತ್ತು. ಅಪ್ಪನಿಗೇ ಗೊತ್ತಾಗಲಿಲ್ಲ. ಅಪ್ಪ ಹೊಡೆದದ್ದು ತಪ್ಪು. ಇನ್ನು ಹೊಡೆಯಲ್ಲ."

ಬಟನ್ ಯೋಚಿಸಿದಳು. "ನಿಂಗೂ ಕಚ್ತಾ?"

"ಕಚ್ತು. ನೋಡಿಲ್ಲಿ" ಎಂದು ಕಾಲರ್ ಸರಿಸಿದ.

ಅವಳು ಆ ಎರಡು ಹೆಜ್ಜೆ ಮುಂದೆ ಬಂದಳು. ಅವನ ಕುತ್ತಿಗೆಯ ಹತ್ತಿರ ಮುಖ ತಂದು ಕಣ್ಣು ಕಿರಿದು ಮಾಡಿ ನೋಡಿದಳು. ಆಮೇಲೆ ಕೆನ್ನೆ ಉಬ್ಬಿಸಿ ಉಫ್, ಉಫ್ ಎಂದು ಊದಿದಳು.

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಒಳಗೆ ಬಂದು ಗೋಡೆಗೆ ಒರಗಿ ಕೂತಳು. "ಹಾಗಾದ್ರೆ ನಾನು ಕೆಡಿಸಿದ್ದಲ್ಲ?" ಅಂದಳು.

"ಯಾರೂ ಕೆಡಿಸಿಲ್ಲ ಮಾರಾಯ್ತಿ. ಅವಳು ಇರೋದೇ ಹಾಗೆ. ನಾನೇ ಏನೇನೋ ಅಂದ್ಬಿಟ್ಟೆ."

ಎಷ್ಟೋ ತಿಂಗಳಿಂದ ಎದೆಯ ಮೇಲೆ ಇಟ್ಟುಕೊಂಡಿದ್ದ ಭಾರ ಇಳಿದು ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. ಅವಳ ನಗು ಕಂಡು ಬಟನ್ ಕೂಡ ನಕ್ಕಳು, ಯಾಕೆಂದು ಗೊತ್ತಿಲ್ಲದಿದ್ದರೂ.

ಮುಂದಿನದು ದರ್ಜಿಗೆ ಗೊತ್ತಿದ್ದ ಕೆಲಸವೇ. ಹತ್ತಿ ಬಟ್ಟೆ ತಂದು, ಎರಡು ಸಲ ತೊಳೆದು ಮೆತ್ತಗೆ ಮಾಡಿದ. ಹೊಲಿಗೆಯ ಅಂಚೆಲ್ಲ ಮಡಿಕೆಯೊಳಗೆ ಮುಚ್ಚಿಹೋಗುವ ಹಾಗೆ ಹೊಲಿದ. ಲೇಬಲ್ಲಿಲ್ಲ, ಲೇಸಿಲ್ಲ, ಎಲಾಸ್ಟಿಕ್ ಸಡಿಲ. ಬಣ್ಣ ಯಾವುದೆಂದು ಮಗಳನ್ನೇ ಕೇಳಿದ. "ಬಾಳೆಹಣ್ಣಿನ ಬಣ್ಣ" ಅಂದಳು. ಹೊಲಿದು ಮುಗಿದಾಗ ತೊಡಿಸಲು ಹೋಗಲಿಲ್ಲ, ಅವಳ ಕೈಗೆ ಕೊಟ್ಟ. ಅವಳು ಒಳಮೈಯನ್ನು ಕೆನ್ನೆಗೆ ಒತ್ತಿ, ತುಟಿಗೆ ಒತ್ತಿ, ಎರಡೂ ತೋಳಿನೊಳಗೆ ಕೈ ಹಾಕಿ ಇರುವೆ ಇದೆಯೋ ಎಂದು ಹುಡುಕಿದಳು. ಸಿಗಲಿಲ್ಲ. ತಾನೇ ತಲೆ ತೂರಿಸಿದಳು.

ಬೆಳಿಗ್ಗೆ ಎಂಟಾಯಿತು. ಬೀದಿಯಲ್ಲಿ ಕಿರುಚಾಟದ ಸದ್ದಿಲ್ಲ. ಆ ಹಿಂದಿನ ದಿನಗಳ ಉಸಿರು ಬಿಗಿಹಿಡಿದ ಮೌನ ಇದಾಗಿರಲಿಲ್ಲ. ಮಹಡಿಯ ಮೇಲಿಂದ ಹಾಡೊಂದು ಅರ್ಧಂಬರ್ಧ ಕೇಳಿಬರುತ್ತಿತ್ತು.

ಎಲ್ಲವೂ ಒಂದೇ ಫ್ರಾಕಿಗೆ ಸರಿಹೋಯಿತು ಎಂದರೆ ಅದು ಸುಳ್ಳು. ತಲೆಗೆ ನೀರು ಹಾಕುವ ದಿನ ಬಟನ್ ಈಗಲೂ ಊರು ಒಂದು ಮಾಡುತ್ತಾಳೆ. ಆದರೆ ಈಗ ಮುಂಚೆಯೇ ಹೇಳುತ್ತಾರೆ: "ಊಟ ಆದ ಮೇಲೆ ತಲೆಸ್ನಾನ. ಹತ್ತು ಎಣಿಸೋದ್ರೊಳಗೆ ಮುಗಿಸ್ತೀನಿ." ಎಣಿಸುವ ಕೆಲಸ ಅವಳದೇ. ಎಣಿಕೆಯಲ್ಲಿ ಏಳು ಬರುವುದಿಲ್ಲ, ಆರಾದ ಮೇಲೆ ಎಂಟು. ಯಾರೂ ತಿದ್ದುವುದಿಲ್ಲ, ಬೇಗ ಮುಗಿಯುತ್ತದಲ್ಲ! ದೊಡ್ಡ ಮಿಷನ್ ಹಾಕುವ ಮುಂಚೆ ದರ್ಜಿ "ಸದ್ದು ಬರುತ್ತೆ" ಎಂದು ಕೂಗುತ್ತಾನೆ. ಅವಳು ಮಹಡಿಗೆ ಓಡುತ್ತಾಳೆ. ಅವನು ಕೈ ಎತ್ತಿದಾಗ ಕುಕ್ಕರಿಸುವುದು ನಿಲ್ಲಲು ಮಾತ್ರ ಎರಡು ತಿಂಗಳೇ ಬೇಕಾಯಿತು. ಆ ಎರಡು ತಿಂಗಳು ಅವನು ದಾರದ ಉಂಡೆಗಳನ್ನೆಲ್ಲ ಕೆಳಗಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದ.

ಚೀಲ ತೆಗೆದುಕೊಂಡು ಹೋಗಲು ಬಂದ ಟೀಚರ್ ಇನ್ನೊಂದು ಮಾತು ಹೇಳಿದರು. "ಇದು ಕಾಯಿಲೆ ಅಂತ ಹೆದರಬೇಡಿ. ಇದು ಅವಳ ಸ್ವಭಾವ. ಆದ್ರೆ ಊಟ, ನಿದ್ದೆ, ಆಟ, ಮಾತು, ಇದರಲ್ಲಿ ಯಾವುದಾದ್ರೂ ಹಿಂದೆ ಬೀಳ್ತಿದೆ ಅನ್ನಿಸಿದ್ರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಕೇಳೋದಕ್ಕೆ ನಾಚಿಕೆ ಬೇಡ."

ಇನ್ನು ಅಜ್ಜಿ. ಇಷ್ಟೆಲ್ಲ ಆದರೂ ಅವರು ಬಾಯಿಬಿಟ್ಟು ಏನೂ ಹೇಳಿರಲಿಲ್ಲ. ಚಳಿ ಶುರುವಾದ ಒಂದು ಮಧ್ಯಾಹ್ನ, ಅಂಗಡಿಯಲ್ಲಿ ಯಾರೂ ಇಲ್ಲದ್ದು ನೋಡಿಕೊಂಡು ಕೆಳಗೆ ಬಂದರು. ಕಂಕುಳಲ್ಲಿ ಒಂದು ಉಣ್ಣೆಯ ಸ್ವೆಟರು.

"ಇದಕ್ಕೆ ಒಳಗಡೆ ಮೆತ್ತನೆ ಬಟ್ಟೆ ಹೊಲೀತೀಯೇನೋ?"

"ಯಾಕಮ್ಮಾ? ಚೆನ್ನಾಗೇ ಇದೆಯಲ್ಲ."

ಅಜ್ಜಿ ಆಚೆ ಈಚೆ ನೋಡಿದರು. "ಚುಚ್ಚುತ್ತೆ ಕಣೋ. ಸಣ್ಣವಳಿದ್ದಾಗಿಂದಲೂ ಅಷ್ಟೇ. ನಮ್ಮಮ್ಮನಿಗೆ ಹೇಳಿದ್ದೆ. ಬೆನ್ನ ಮೇಲೆ ಬಿತ್ತು. ಆಮೇಲೆ ಹೇಳೋದೇ ಬಿಟ್ಟೆ. ಅರವತ್ತು ವರ್ಷ ಆಯ್ತು, ಪ್ರತಿ ಚಳಿಗಾಲ ಚುಚ್ಚಿಸ್ಕೊಂಡೇ ಕೂತಿದ್ದೀನಿ."

ದರ್ಜಿ ತಾಯಿಯ ಮುಖವನ್ನೇ ನೋಡಿದ. ಹತ್ತಿರ ಕೂರಿಸಿಕೊಂಡು, "ಎಲ್ಲೆಲ್ಲಿ ಚುಚ್ಚುತ್ತೆ ಹೇಳಮ್ಮಾ" ಎಂದು ಸೀಮೆಸುಣ್ಣ ಕೈಗೆತ್ತಿಕೊಂಡ. ಅಜ್ಜಿ ಒಂದೊಂದಾಗಿ ತೋರಿಸಿದರು. ತೋರಿಸುತ್ತಾ ತೋರಿಸುತ್ತಾ ಅವರಿಗೇ ನಗು ಬಂತು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಒಂದು ಪುಟ್ಟ ಮಗು ಇರಬಹುದು. ನೀವೂ ಅದಕ್ಕೆ ಏನೋ ಒಂದು ಹೆಸರು ಇಟ್ಟಿರಬಹುದು. ಮೊಂಡ, ಪುಕ್ಕಲಿ, ಸಿಡುಕಿ, ಮಂದ. ಇಟ್ಟದ್ದು ಪ್ರೀತಿಯಿಂದಲೇ ಇರಬಹುದು. ಆದರೆ ನಾಲ್ಕು ವರ್ಷದ ಮಗು ನಾವು ಕರೆದದ್ದನ್ನೇ ತನ್ನ ಹೆಸರು ಅಂದುಕೊಳ್ಳುತ್ತದೆ. ಆ ಹೆಸರನ್ನು ಇವತ್ತಿಗೆ ಬಿಟ್ಟುಬಿಡಿ. ಒಂದು ವಾರ ನಿಮ್ಮ ಮಗುವನ್ನು ಹೊಸಬರನ್ನು ನೋಡುವ ಹಾಗೆ ನೋಡಿ. ಅತ್ತರೆ, ಅದಕ್ಕೆ ಸ್ವಲ್ಪ ಮುಂಚೆ ಏನಾಯಿತೆಂದು ಗಮನಿಸಿ. ನಿಮಗೆ ತಿಳಿಯದಿದ್ದರೆ ಶಿಶುವಿಹಾರದ ಟೀಚರನ್ನು ಕೇಳಿ, ಆರೋಗ್ಯ ಕಾರ್ಯಕರ್ತೆಯನ್ನು ಕೇಳಿ. ಎಲ್ಲರಿಗಿಂತ ಮೊದಲು ಮಗುವನ್ನೇ ಕೇಳಿ. ಅದರ ಎತ್ತರಕ್ಕೆ ಕೂತು, ಕೈ ಕೆಳಗಿಟ್ಟು, "ಏನಾಯ್ತು, ನಂಗೆ ತೋರಿಸ್ತೀಯಾ?" ಎಂದು ಕೇಳಿ.

ಉತ್ತರ ಥಟ್ಟನೆ ಬರಲಿಕ್ಕಿಲ್ಲ. ಬರುವವರೆಗೆ ಅಲ್ಲೇ ಕೂತಿರಿ.